ಡಿಸಿ ಸಾಹೇಬ್ರು ಎಷ್ಟು ಗಂಟೆಗೆ ಮಳೆ ಬಿಡ್ತಾರೆ? ನಿಮ್ಮನೆ ಮಕ್ಕಳ ಮಾತು ಇಲ್ಲಿ ಬರೆಯಿರಿ

ಶಿರಸಿ ಆಯಿ

ಹೊರಗೆ ಮಳೆ ಹಿಡಿದು ಕೂತಿದೆ. ಅಂಗನವಾಡಿಗೂ ಶಾಲೆಗೂ ಮತ್ತೆ ರಜೆ. ನಾಲ್ಕು ವರ್ಷದ ಮಗ, ಎಂಟು ತಿಂಗಳ ಮಗಳು, ಇಬ್ಬರೂ ಮನೆಯಲ್ಲೇ. ನಗಬೇಕೋ ಅಳಬೇಕೋ ತಿಳೀತಿಲ್ಲ.

ನಮ್ಮನೆ ಮಾಣಿಯ ತಲೆಯಲ್ಲಿ ಒಂದು ವಿಷಯ ಗಟ್ಟಿಯಾಗಿ ಕೂತುಬಿಟ್ಟಿದೆ. ಮಳೆ ಬಿಡೋದು ಡಿಸಿ ಸಾಹೇಬ್ರು. ತಪ್ಪು ಅವನದಲ್ಲ ಬಿಡಿ. ಜೋರು ಮಳೆಯ ರಾತ್ರಿ ಮನೆಯವರೆಲ್ಲ ಮೊಬೈಲ್ ಹಿಡ್ಕೊಂಡು "ಡಿಸಿ ಕೊಟ್ರಾ? ಇನ್ನೂ ಕೊಟ್ಟಿಲ್ವಾ?" ಅಂತ ಕೇಳ್ತಾ ಇರ್ತಾರೆ. ಕೊಡೋದು ರಜೆ. ಅವನು ಅದನ್ನು ಮಳೆ ಅಂದ್ಕೊಂಡಿದ್ದಾನೆ. ಮೊನ್ನೆ ಸಂಜೆ ಸ್ವಲ್ಪ ಬಿಸಿಲು ಬಿತ್ತು. ಜಗಲಿಯಲ್ಲಿದ್ದ ಅಜ್ಜನ ಹತ್ತಿರ ಹೋಗಿ, "ಡಿಸಿ ಸಾಹೇಬ್ರು ಮತ್ತೆ ಎಷ್ಟು ಗಂಟೆಗೆ ಬಿಡ್ತಾರೆ?" ಅಂತ ಕೇಳಿದ. ಅಜ್ಜ ಕವಳ ಹಾಕ್ತಾ ಇದ್ದವರು ತಲೆ ಎತ್ತದೇ, "ಚಾ ಕುಡಿದು ಬರ್ತಾರೆ, ತಡಿ" ಅಂದ್ರು.

ಇನ್ನೊಂದು ಹೇಳ್ತೇನೆ. ನಮ್ಮದು ಅಡಿಕೆ ಮನೆ. ರಾತ್ರಿ ಊಟಕ್ಕೆ ಕೂತರೆ ರಾಶಿ ಎಷ್ಟು, ಚಾಲಿ ಎಷ್ಟು ಅಂತ ಅಡಿಕೆ ಬಗೆಗಳ ರೇಟಿನದೇ ಮಾತು. ಮಾಣಿ ಆಟದ ಸಾಮಾನನ್ನೆಲ್ಲ ಕಂಬಳಿ ಮೇಲೆ ಸುರಿದು ವಿಂಗಡಿಸ್ತಾನೆ. ನಾಲ್ಕೂ ಚಕ್ರ ಇರುವ ಕಾರು ರಾಶಿ. ಒಂದು ಚಕ್ರ ಹೋದದ್ದು ಕೆಂಪುಗೋಟು. ಪೂರ್ತಿ ಮುರಿದದ್ದು ಕೋಕ. ನಾನು ಮಗಳಿಗೆ ಎಣ್ಣೆ ಹಚ್ಚಿ ಮೀಯಿಸಿ ತಂದು ಅದೇ ಕಂಬಳಿಯ ತುದಿಯಲ್ಲಿ ಮಲಗಿಸಿದೆ. ಅವಳ ಕೂದಲು ಮುಟ್ಟಿ ನೋಡಿದ. ಬೆರಳು ಒರೆಸಿಕೊಂಡ. "ತಂಗಿ ಇನ್ನೂ ಹಸಿ ಇದ್ದು. ಒಣಗಲಿ, ಆಮೇಲೆ ರೇಟ್ ಹೇಳ್ತಿ" ಅಂದ.

ಇಂಥವನ್ನು ಬರೆದಿಡದಿದ್ರೆ ಮರೆತೇ ಹೋಗ್ತದೆ. ನಿಮ್ಮನೆಯದೂ ಹೇಳಿ.

ಕಾರವಾರದ ಅಪ್ಪ

ಡಿಸಿ ಆಫೀಸು ನಮ್ಮೂರಲ್ಲೇ ಇರೋದ್ರಿಂದ ಮೊದಲ ಉತ್ತರ ನನ್ನದೇ ಇರಲಿ. ನಮ್ಮ ಮಗಳಿಗೂ ಇದೇ ನಂಬಿಕೆ. ಸ್ಕೂಟರಿನಲ್ಲಿ ಅದರ ಮುಂದೆ ಹಾದು ಹೋಗುವಾಗ ಕುತ್ತಿಗೆ ಉದ್ದ ಮಾಡಿ ನೋಡಿ, "ಮಳೆ ಮೇಲಿನ ಮಹಡಿಯಲ್ಲಿ ಇಟ್ಟಿದ್ದಾರಾ?" ಅಂತ ಕೇಳಿದ್ಲು.

ಅವಳ ಇನ್ನೊಂದು ಕತೆ ಕಡಲ ತೀರದ್ದು. ನಮ್ಮಲ್ಲಿ ಟ್ಯಾಗೋರ್ ಬೀಚಿನ ಪಕ್ಕ ಐಎನ್‌ಎಸ್ ಚಪಲ್ ಅಂತ ನೌಕಾಪಡೆಯ ಹಳೆಯ ಹಡಗು ಇದೆ. 2005ರಲ್ಲಿ ಸೇವೆಯಿಂದ ಇಳಿಸಿ, ಮರುವರ್ಷ ಮ್ಯೂಸಿಯಂ ಮಾಡಿದ್ದು. ಶಿರಸಿ, ಹುಬ್ಬಳ್ಳಿ ಕಡೆಯವರೆಲ್ಲ ಬಂದಾಗ ನೋಡಿರ್ತೀರಿ. ಮಗಳು ಕೇಳಿದ್ಲು, ಹಡಗು ಯಾಕೆ ನೀರಿಗೆ ಇಳಿಯಲ್ಲ ಅಂತ. ಅದು ರಿಟೈರ್ ಆಗಿದೆ ಪುಟ್ಟಿ ಅಂದೆ. ಅವಳಿಗೆ ರಿಟೈರ್ ಗೊತ್ತು, ಯಾಕಂದ್ರೆ ನಮ್ಮಪ್ಪ ರಿಟೈರ್. ಹಡಗನ್ನು ಒಂದು ಸುತ್ತು ನೋಡಿ ಬಂದು, "ಇದರ ಪೇಪರ್ ಎಲ್ಲಿ?" ಅಂದ್ಲು. ನಮ್ಮಪ್ಪ ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಪೇಪರ್ ಬಿಡೋದಿಲ್ಲ, ಅದಕ್ಕೆ.

ಈಗ ಪಕ್ಕದಲ್ಲಿ ಟುಪಲೇವ್ ವಿಮಾನವನ್ನೂ ತಂದಿಟ್ಟಿದ್ದಾರಲ್ಲ. ಅದೂ ರಿಟೈರ್ ಅಂತ ಹೇಳಿದ ಕೂಡಲೇ ಅವಳಿಗೆ ಲೆಕ್ಕ ಸರಿಹೋಯ್ತು. ಹಡಗು ಅಜ್ಜ, ವಿಮಾನ ಅಜ್ಜಿ. ಈಗ ಬೀಚಿಗೆ ಹೋದಾಗೆಲ್ಲ ಇಬ್ಬರಿಗೂ ಟಾಟಾ ಮಾಡದೇ ಸ್ಕೂಟರ್ ಹತ್ತೋದಿಲ್ಲ.

ಅಂಕೋಲಾ ಅಜ್ಜಿ

ನನಗೆ ಟೈಪ್ ಮಾಡಲು ಬರೋದಿಲ್ಲ, ಮಾತಾಡಿದ್ದನ್ನು ಫೋನೇ ಬರೀತದೆ. ತಪ್ಪಿದ್ರೆ ಫೋನಿಗೆ ಬೈಯಿರಿ.

ನನ್ನ ಮೊಮ್ಮಗನಿಗೆ ಮೀನಿಲ್ಲದೆ ಅನ್ನ ಇಳಿಯೋದಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಬೋಟು ಕಡಲಿಗೆ ಇಳಿಯೋ ಹಾಗಿಲ್ಲ ಅಂತ ನಿಮಗೆಲ್ಲ ಗೊತ್ತುಂಟು. 61 ದಿವಸ. ನಾಡದೋಣಿಯವರು ತಂದದ್ದು ಸಿಕ್ಕಿದ್ರೆ ಸಿಕ್ತು. ಅವನು ದಿನಾ ಬಂಗಡೆ ಎಲ್ಲಿ ಅಂತ ಹಟ ಮಾಡಿದಾಗ, ಮೀನು ಮೊಟ್ಟೆ ಇಡೋ ಕಾಲ, ಅವಕ್ಕೆ ರಜೆ ಮಗಾ ಅಂದೆ. ಸುಮ್ಮನಾದ.

ಆಗಸ್ಟಿನಲ್ಲಿ ಪೇಟೆಗೆ ಬಂಗಡೆ ಬಂತು. ಹುರಿದು ತಟ್ಟೆಗೆ ಹಾಕಿದೆ. ಹುಡುಗ ಮುಟ್ಟೋದೇ ಇಲ್ಲ. ಕಣ್ಣಲ್ಲಿ ನೀರು. ಯಾಕೋ ಅಂದ್ರೆ, "ರಜೆ ಮುಗಿದು ಶಾಲೆಗೆ ಹೊರಟಿತ್ತು, ದಾರಿಯಲ್ಲಿ ಹಿಡಿದುಬಿಟ್ರು" ಅಂತಾನೆ. ನನಗೆ ಏನು ಹೇಳೋದು ತಿಳೀಲಿಲ್ಲ. ಐದು ನಿಮಿಷ ತಟ್ಟೆ ನೋಡ್ತಾ ಕೂತ. ರವೆ ಹಾಕಿ ಹುರಿದ ವಾಸನೆ ಮೂಗಿಗೆ ಹೊಡೀತಾ ಇತ್ತು, ಅವನಾದರೂ ಏನು ಮಾಡಿಯಾನು? ಕಡೆಗೆ ಒಂದು ತುಂಡು ಮುರಿದು ಬಾಯಿಗೆ ಹಾಕ್ಕೊಂಡು, "ಇದು ಶಾಲೆ ತಪ್ಪಿಸಿ ತಿರುಗ್ತಿದ್ದ ಬಂಗಡೆ" ಅಂದ. ಎರಡು ತಿಂದ.

ಹೊನ್ನಾವರದ ಮಾವ

ಅಜ್ಜಿ, ನಕ್ಕು ನಕ್ಕು ಸಾಕಾಯ್ತು.

ನಮ್ಮನೆಯಲ್ಲಿ ಅಕ್ಕನ ಮಗ ಇದ್ದಾನೆ, ಐದು ವರ್ಷ. ಊರ ದೇವಸ್ಥಾನದ ಯಕ್ಷಗಾನ ಬಯಲಾಟಕ್ಕೆ ಕರ್ಕೊಂಡು ಹೋಗಿದ್ವಿ. ಅರ್ಧ ರಾತ್ರಿ ನನ್ನ ತೊಡೆ ಮೇಲೆ ನಿದ್ದೆ. ಬಣ್ಣದ ವೇಷ ಕೂಗು ಹಾಕಿದಾಗ ಎದ್ದವನು ಬೆಳಗಿನ ತನಕ ಕಣ್ಣು ಮುಚ್ಚಲಿಲ್ಲ. ಅಲ್ಲಿಂದ ಶುರು.

ಈಗ ರಾತ್ರಿ ಊಟಕ್ಕೆ ಅವನು ಸುಮ್ನೆ ಬರೋದಿಲ್ಲ. ತೆರೆ ಹಿಡೀಬೇಕು. ಇಬ್ಬರು ಪಂಚೆಯ ಎರಡು ತುದಿ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಲ್ಲಬೇಕು. ನಮ್ಮಮ್ಮ ಭಾಗವತರು. ಕೈಯಲ್ಲಿ ಚಕ್ಕುಲಿಯ ಖಾಲಿ ಡಬ್ಬಿ, ಅದೇ ಚಂಡೆ. ಪಂಚೆಯ ಕೆಳಗೆ ಎರಡು ಪುಟ್ಟ ಪಾದ ಧಡ್ ಧಡ್ ಅಂತ ನೆಲ ಗುದ್ದೋದು ಮಾತ್ರ ಕಾಣ್ತದೆ. ಆಮೇಲೆ ಪಂಚೆಯ ಅಂಚಿನ ಮೇಲೆ ಎಂಟು ಬೆರಳು. ಮೇಲಿನ ಅಂಚು ಅವನ ತಲೆಗಿಂತ ಎತ್ತರ ಇರೋದ್ರಿಂದ ನಾವೇ ಬಗ್ಗಿ ಇಳಿಸಿ ಕೊಡಬೇಕು, ಇಲ್ಲದಿದ್ರೆ ರಾಕ್ಷಸ ಒಳಗಿಂದಲೇ "ಮಾವಾ, ಸ್ವಲ್ಪ ಕೆಳಗೆ" ಅಂತಾನೆ. ಹುಬ್ಬು, ಕಣ್ಣು, ಆಮೇಲೆ ಒಂದು ಕೂಗು. ಬೆಕ್ಕು ಓಡ್ತದೆ. ಅಷ್ಟಾದ ಮೇಲೆ ಸಭೆಗೆ, ಅಂದ್ರೆ ಮಣೆಗೆ ಬರ್ತಾನೆ.

ಒಂದು ದಿನ ಭಾವ ಮನೆಯಲ್ಲಿರಲಿಲ್ಲ. ತೆರೆಗೆ ಒಬ್ಬರು ಕಮ್ಮಿ. ಹಾಲಿನ ಲೆಕ್ಕ ಕೇಳಲು ಬಂದಿದ್ದ ಪಕ್ಕದ ಮನೆಯ ಮಾಸ್ತರರಿಗೆ ತುದಿ ಕೊಟ್ವಿ. ಅವರು ಕಿರಿ ವಯಸ್ಸಲ್ಲಿ ಕೇರಿಯ ಆಟದಲ್ಲಿ ಕುಣಿದವರು. ವೇಷ ತೆರೆ ಬಿಟ್ಟು ಹೊರಗೆ ಬಂದದ್ದೇ ತಡ, ಮಾಸ್ತರರು ಗಂಟಲು ಸರಿಮಾಡಿ, "ಭಲೇ ವೀರನೇ, ನೀನು ಯಾರು? ಬಂದಂಥ ಕಾರಣವೇನು?" ಅಂತ ಆಟದ ಅರ್ಥಗಾರಿಕೆ ಶುರು ಮಾಡಿಬಿಟ್ರು. ಅವನಿಗೆ ಇಷ್ಟು ದಿನ ಯಾರೂ ಹಾಗೆ ಕೇಳಿರಲಿಲ್ಲ. ಎದೆ ಮುಂದೆ ಮಾಡಿ, ಒಂದು ಕೈ ಸೊಂಟಕ್ಕಿಟ್ಟು, ಮನೆ ಹಾರುವ ಹಾಗೆ ಹೇಳಿದ.

"ಹಪ್ಪಳ!"

ಶಿರಸಿ ಆಯಿ

ಅಯ್ಯೋ ದೇವರೇ. ನಿಮ್ಮ ಮೇಳಕ್ಕೆ ವೀಳ್ಯ ಎಷ್ಟು? ಒಂದು ಆಟ ನಮ್ಮನೆಗೂ ಬೇಕು.

ಹೊನ್ನಾವರದ ಮಾವ

ಹಲಸಿನ ಹಪ್ಪಳ ಒಂದು ಕಟ್ಟು. ತೆರೆ ಹಿಡಿಯೋ ಜನ ನಿಮ್ಮದೇ.

ಅಂಗನವಾಡಿ ಅಕ್ಕೋರು

ನಾನು ಕರಾವಳಿಯ ಒಂದು ಅಂಗನವಾಡಿಯಲ್ಲಿ ಇದ್ದೇನೆ. ಊರು ಬೇಡ. ನಿಮ್ಮ ಮನೆಗಳಲ್ಲಿ ರಾತ್ರಿ ಏನಾಯ್ತು ಅನ್ನೋದು ಬೆಳಿಗ್ಗೆ ಹತ್ತು ಗಂಟೆಯೊಳಗೆ ನಮಗೆ ಗೊತ್ತಾಗ್ತದೆ, ಅಷ್ಟು ಮಾತ್ರ ಹೇಳ್ತೇನೆ. ಯಾರ ಮನೆಯಲ್ಲಿ ಅಪ್ಪ ಕುಕ್ಕರ್ ಸುಟ್ಟರು, ಯಾರಮ್ಮ ಹೊಸ ಸೀರೆಯ ರೇಟು ಅಪ್ಪನಿಗೆ ಅರ್ಧ ಹೇಳಿದ್ರು, ಎಲ್ಲಾ.

ತಿಂಗಳಿಗೊಮ್ಮೆ ಮಕ್ಕಳ ತೂಕ ನೋಡ್ತೇವೆ. ಒಬ್ಬ ಹುಡುಗ ಸಪೂರ. ಅವನಮ್ಮನಿಗೆ ಅದೇ ಚಿಂತೆ, ತೂಕ ಏರಿಲ್ಲ ಅಂತ ಪ್ರತಿ ಸಲ ಮುಖ ಬಾಡಿಸ್ತಿದ್ರು. ಈ ಸಲ ಹುಡುಗ ಬಂದು ತೂಕದ ಯಂತ್ರದ ಮೇಲೆ ನಿಂತಾಗ ಗಲಗಲ ಸದ್ದು. ಚಡ್ಡಿಯ ಎರಡೂ ಜೇಬು ಉಬ್ಬಿವೆ. ಕೈ ಹಾಕಿದ್ರೆ ಕಪ್ಪೆಚಿಪ್ಪು, ಕಲ್ಲು, ಒಂದು ಬ್ಯಾಟರಿ ಸೆಲ್. ಏನೋ ಇದು ಅಂದೆ. ಹತ್ತಿರ ಬಾ ಅಂತ ಕೈ ಮಾಡಿ ಕಿವಿಯಲ್ಲಿ, "ಅಮ್ಮನಿಗೆ ಹೇಳ್ಬೇಡಿ ಅಕ್ಕೋರೇ, ಅವಳಿಗೆ ಖುಷಿ ಆಗ್ಲಿ" ಅಂದ.

ಜೇಬು ಖಾಲಿ ಮಾಡಿಸಿಯೇ ತೂಕ ಬರೆದೆ. ಆದ್ರೂ ಹಿಂದಿನ ತಿಂಗಳಿಗಿಂತ ಸ್ವಲ್ಪ ಏರಿತ್ತು. ಅಮ್ಮಂದಿರಿಗೆ ಇಲ್ಲೇ ಒಂದು ಮಾತು ಹೇಳಿಬಿಡ್ತೇನೆ. ಮೊದಲ ವರ್ಷ ಏರಿದ ಹಾಗೆ ಆಮೇಲೆ ತೂಕ ಏರೋದಿಲ್ಲ. ಹುಟ್ಟಿದಾಗಿನ ತೂಕ ಒಂದು ವರ್ಷಕ್ಕೆ ಸುಮಾರು ಮೂರು ಪಟ್ಟು ಆಗ್ತದೆ. ಎರಡು ವರ್ಷ ದಾಟಿದ ಮೇಲೆ ವರ್ಷಕ್ಕೆ ಎರಡು ಕೆಜಿ ಆಸುಪಾಸು. ಮಗುವಿನ ಕಾರ್ಡಿನಲ್ಲಿ ಗೆರೆ ಮೇಲಕ್ಕೆ ಹೋಗ್ತಾ ಇದೆಯಾ ನೋಡಿ. ಗೆರೆ ಮಲಗಿದ್ರೆ ಅಥವಾ ಇಳಿದ್ರೆ ಡಾಕ್ಟರಿಗೆ ತೋರಿಸಿ. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಿ ಮುಖ ಬಾಡಿಸಬೇಡಿ. ಮಕ್ಕಳು ನೋಡ್ತಾ ಇರ್ತಾರೆ, ಜೇಬಿಗೆ ಕಲ್ಲು ಹಾಕ್ಕೊಳ್ತಾರೆ.

ಕುಮಟಾದವಳು

ಅಕ್ಕೋರು ಹೇಳಿದ ಕತೆ ಓದಿ ಹೊಟ್ಟೆ ಚುರ್ ಅಂತು. ಆದ್ರೆ ನಾನು ಸ್ವಲ್ಪ ಬೇರೆ ಮಾತು ಹೇಳ್ತೇನೆ, ಬೇಜಾರು ಮಾಡ್ಕೋಬೇಡಿ.

ನನ್ನ ಮಗಳು ಮುರ್ಡೇಶ್ವರದ ಶಿವನನ್ನು ಮೊದಲ ಸಲ ನೋಡಿದಾಗ ಮೂರು ವರ್ಷ. 123 ಅಡಿ ಎತ್ತರದ ಮೂರ್ತಿ. ತಲೆ ಹಿಂದಕ್ಕೆ ಹಾಕಿ ನೋಡಿ, "ಕೂತಲ್ಲೇ ಕೂತಿದ್ದಾನೆ, ಕಾಲು ಜೋಮು ಹಿಡಿಯಲ್ವಾ?" ಅಂತ ಕೇಳಿದ್ಲು. ನಿಜವಾದ ಕಾಳಜಿ ಅದು. ನಾವೆಲ್ಲ ನಕ್ಕೆವು. ಆಮೇಲೆ ಮದುವೆ ಮನೆ, ಉಪನಯನ, ಎಲ್ಲಿ ಹೋದ್ರೂ ನೆಂಟರು "ಪುಟ್ಟಿ, ಶಿವನ ಕಾಲಿಗೆ ಏನಾಯ್ತು ಹೇಳು" ಅಂತ ಕೇಳೋದು, ಅವಳು ಹೇಳೋದು, ಎಲ್ಲರೂ ನಗೋದು. ಮೊದಮೊದಲು ಅವಳಿಗೂ ಖುಷಿ. ಒಂದು ಸಲ ಹೇಳಲಿಲ್ಲ. ನನ್ನ ಸೆರಗಿನ ಹಿಂದೆ ಹೋಗಿ ನಿಂತ್ಲು. ಈಗ ಐದು ವರ್ಷ. ಹೊಸದೇನಾದ್ರೂ ಕೇಳೋ ಮೊದಲು, "ನಗೋದಿಲ್ಲ ಅಲ್ವಾ?" ಅಂತ ಖಾತ್ರಿ ಮಾಡ್ಕೊಳ್ತಾಳೆ.

ಅದಕ್ಕೇ ಹೇಳಿದ್ದು. ಇಲ್ಲಿ ಹೆಸರಿಲ್ಲದೆ ಬರೆಯೋದು ಬೇರೆ. ಅವರ ಎದುರೇ ಹೇಳಿಸಿ ನಗೋದು, ವಿಡಿಯೋ ಮಾಡಿ ಎಲ್ಲರಿಗೂ ಕಳಿಸೋದು ಬೇರೆ.

ಅಂಕೋಲಾ ಅಜ್ಜಿ

ನೀ ಹೇಳೋದು ಸರಿ ಇರಬಹುದು ಮಗಳೇ. ಆದ್ರೆ ಮಕ್ಕಳ ಮಾತಿಗೆ ನಗದೇ ಇರಲು ನಾವೇನು ಕಲ್ಲಾ? ನಾನು ಐದು ಮಕ್ಕಳನ್ನು ಸಾಕಿದವಳು. ಎಲ್ಲರಿಗೂ ನಕ್ಕಿದ್ದೇನೆ. ಯಾರೂ ಮಾತು ಬಿಡಲಿಲ್ಲ. ಈಗ ಬಿಡಿಸಬೇಕಾಗ್ತದೆ, ಅಷ್ಟು ಮಾತಾಡ್ತಾರೆ.

ಕಾರವಾರದ ಅಪ್ಪ

ಅಜ್ಜಿ, ಆಗ ಮನೆಯಲ್ಲಿ ಹತ್ತು ಮಕ್ಕಳು. ಇವತ್ತು ಒಬ್ಬರಿಗೆ ನಕ್ಕರೆ ನಾಳೆ ಇನ್ನೊಬ್ಬರಿಗೆ. ಈಗ ಒಂದೇ ಮಗು, ಸುತ್ತ ಹನ್ನೆರಡು ಜನ ದೊಡ್ಡವರು, ಹನ್ನೆರಡು ಮೊಬೈಲು. ಮಗುವಿಗೆ ಭಾರ ಆಗ್ತದೆ ಅನ್ಸುತ್ತೆ. ಕುಮಟಾದವರ ಮಾತು ನನಗೆ ಹೌದು ಅನ್ನಿಸ್ತು.

ಶಿರಸಿ ಆಯಿ

ನಮ್ಮ ಮಾವನವರದು ಒಂದು ಕ್ರಮ ಇದೆ. ಮಗು ಕೇಳಿದ್ದಕ್ಕೆ ಮೊದಲು ಉತ್ತರ. ಗಂಭೀರವಾಗಿ. ಡಿಸಿ ಚಾ ಕುಡಿಯೋ ಕತೆ ಹಾಗೇ ಬಂದದ್ದು. ಆಮೇಲೆ ಅಟ್ಟದ ಮೇಲೆ ಏನೋ ನೋಡಿ ಬರ್ತೇನೆ ಅಂತ ಹೋಗ್ತಾರೆ. ಅವರು ಅಲ್ಲಿ ಒಬ್ಬರೇ ನಗೋದು ಕೆಳಗೆ ನಮಗೆ ಕೇಳ್ತದೆ.

ಸೋಂದಾ ಸೀಮೆ

ನಮ್ಮನೆಯಲ್ಲಿ ಮಗಳನ್ನು ಕೇಳಿಯೇ ಬೇರೆಯವರಿಗೆ ಹೇಳೋದು. ಅವಳು ಹೇಳಬಹುದು ಅಂದ್ರೆ ಹೇಳ್ತೇವೆ. ಕತೆಗೊಂದು ತೊಡೆದೇವು (ಕಬ್ಬಿನ ಹಾಲಿನ ಸಿಹಿ) ಅಂತ ಈಗ ದರ ಕಟ್ಟಿದ್ದಾಳೆ. ಕಬ್ಬಿನ ಹಾಲು ಸಿಗೋ ಕಾಲದಲ್ಲಿ ನಮ್ಮನೆಯಿಂದ ಕತೆ ಜಾಸ್ತಿ ಬರ್ತವೆ. ಇದಕ್ಕೂ ಒಂದು ಬಾಕಿ ಆಯ್ತು.

ಅವಳ ವಯಸ್ಸು ಕೇಳಿದ್ರೆ ವರ್ಷ ಹೇಳೋದಿಲ್ಲ, "ಎರಡು ಜಾತ್ರೆ" ಅಂತಾಳೆ. ಶಿರಸಿಯ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ ಅಲ್ವಾ. ಮೊದಲನೆಯದರಲ್ಲಿ ಹೆಗಲ ಮೇಲೆ ನಿದ್ದೆ ಮಾಡಿದ್ಲು, ಎರಡನೆಯದರಲ್ಲಿ ತೊಟ್ಟಿಲು ಹತ್ತಿ ಇಳಿಯಲಾರೆ ಅಂತ ರಂಪ ಮಾಡಿದ್ಲು. ಅಜ್ಜಿಗೆ ಮೂವತ್ತಕ್ಕೂ ಜಾಸ್ತಿ ಜಾತ್ರೆ ಅಂತ ಲೆಕ್ಕ ಹಾಕಿ ಹೇಳಿದ್ವಿ. ಅಂದಿನಿಂದ ಅಜ್ಜಿಯ ಮೇಲೆ ಭಾರೀ ಹೊಟ್ಟೆಕಿಚ್ಚು.

ಬೇಣದ ಮನೆ

ಸಿದ್ದಾಪುರದ ಒಳಗಿನ ಹಳ್ಳಿ ನಮ್ಮದು. ಯಜಮಾನರು ಬೆಂಗಳೂರಲ್ಲಿ ಕೆಲಸಕ್ಕಿದ್ದಾರೆ. ಮನೆಯಲ್ಲಿ ನೆಟ್‌ವರ್ಕ್ ಬರೋದಿಲ್ಲ. ಮನೆ ಹಿಂದಿನ ಬೇಣ ಹತ್ತಿ ಗೇರುಮರದ ಬುಡಕ್ಕೆ ಹೋದ್ರೆ ಎರಡು ಕಡ್ಡಿ ಸಿಗ್ತದೆ. ದಿನಾ ಸಂಜೆ ಅಲ್ಲಿಗೆ ಹೋಗಿಯೇ ವಿಡಿಯೋ ಕಾಲ್. ಮಗನಿಗೆ ಮೂರು ವರ್ಷ ತುಂಬಿಲ್ಲ.

ಅವನ ಪ್ರಕಾರ ಅಪ್ಪ ಇರೋದು ಗೇರುಮರದಲ್ಲಿ. ನಮಗೆ ಇದು ಬಹಳ ದಿನ ಗೊತ್ತೇ ಆಗಲಿಲ್ಲ. ಗಾಳಿ ಬಂದ ರಾತ್ರಿ "ಅಪ್ಪ ಬೀಳ್ತಾರೆ" ಅಂತ ಅಳ್ತಿದ್ದ, ಕನಸು ಬಿದ್ದಿರಬೇಕು ಅಂದ್ಕೊಂಡಿದ್ದೆ. ಒಂದು ಮಧ್ಯಾಹ್ನ ವಡೆ ಮಾಡಿದ್ವಿ. ಇವನು ಒಂದು ಬಾಳೆಲೆ ಚೂರಿನಲ್ಲಿ ಎರಡು ವಡೆ ಇಟ್ಕೊಂಡು ಬೇಣ ಹತ್ತಿದ್ದಾನೆ. ಅತ್ತೆ ಹುಡುಕಿ ಹೋಗಿ ನೋಡಿದ್ರೆ, ಮರದ ಬುಡದಲ್ಲಿ ಎಲೆ ಹಾಸಿ, ವಡೆ ಇಟ್ಟು, ದೂರ ನಿಂತು "ಅಪ್ಪಾ, ಬಾ, ತಿನ್ನು" ಅಂತ ಕರೀತಿದ್ದಾನೆ. ಕರೆದದ್ದಕ್ಕೆ ಸರಿಯಾಗಿ ಕಾಗೆ ಬಂತು!

ಅತ್ತೆಯ ಅವಸ್ಥೆ ನೀವೇ ಊಹಿಸಿ. ಎಲೆ, ವಡೆ, ಕಾಗೆ. ಮಗ ಬೆಂಗಳೂರಲ್ಲಿ ಗಟ್ಟಿಮುಟ್ಟಾಗಿ ಇದ್ದಾನೆ. ಅವರು ಅಲ್ಲಿಂದಲೇ ಕೂಗ್ತಾ ಓಡಿ ಕಾಗೆ ಅಟ್ಟಿದ್ರು, ದೇವರಿಗೆ ಕಾಯಿ ಹೇಳ್ಕೊಂಡ್ರು, ಅಲ್ಲೇ ನಿಂತು ಮಗನಿಗೆ ಫೋನ್ ಹಚ್ಚಿದ್ರು. ಮೀಟಿಂಗಿನಲ್ಲಿದ್ದವರು ಗಾಬರಿಯಿಂದ ಎತ್ತಿದ್ರೆ, "ತಮಾ, ಏನಾದ್ರೂ ತಿಂದ್ಯಾ?" ಅಂತ ಮಾತ್ರ ಕೇಳಿದ್ರಂತೆ. ಇವನು ಕೆಳಗಿಂದ ಖುಷಿಯಲ್ಲಿ, "ಒಂದು ವಡೆ ತಿಂದಾಯ್ತು, ಇನ್ನೊಂದು ಉಂಟು!"

ಆ ವಾರವೇ ಯಜಮಾನರು ರಾತ್ರಿ ಬಸ್ಸು ಹಿಡಿದು ಬಂದ್ರು. ಮಗ ಅವರನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದು ಒಂದೇ ಮಾತು. "ಹೇಗೆ ಇಳಿದೆ?"

ಅಂಗನವಾಡಿ ಅಕ್ಕೋರು

ಇದಕ್ಕೆ ನಾನು ಅಟ್ಟಕ್ಕೆ ಹೋಗಿಯೇ ನಗಬೇಕು.

ಸಣ್ಣ ಮಕ್ಕಳು ಪರದೆ ಮುಂದೆ ಜಾಸ್ತಿ ಕೂರಬಾರದು ಅಂತ ನಾವು ತಾಯಂದಿರ ಸಭೆಯಲ್ಲಿ ಹೇಳ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಅದೇ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಮ್ಮಿ ಇದ್ದಷ್ಟು ಒಳ್ಳೇದು. ನಿಮ್ಮದು ಬೇಣ ಹತ್ತಿ ಅಪ್ಪನ ಜೊತೆ ಮಾತಾಡೋದು. ಅದನ್ನು ನಾನಂತೂ ಲೆಕ್ಕಕ್ಕೆ ಹಿಡಿಯೋದಿಲ್ಲ.

ಯಲ್ಲಾಪುರ ಘಟ್ಟ

ನಮ್ಮವಳು ಕಾಲಿಗೆ ಹತ್ತಿ ರಕ್ತ ಹೀರೋ ಉಂಬಳಕ್ಕೆ ಉಪ್ಪು ಹಾಕಲು ಬಿಡೋದಿಲ್ಲ. "ಅದಕ್ಕೆ ಊಟ ಆಗ್ಲಿ" ಅಂತಾಳೆ. ಅಷ್ಟೇ. ಬರೆಯಲು ಟೈಮಿಲ್ಲ, ಉಂಬಳ ಹುಡುಕಬೇಕು.

ಕೈಗಾ ಕ್ವಾರ್ಟರ್ಸ್

ನನಗೆ ಒಂದು ಸಲಹೆ ಬೇಕು, ನಗಬೇಡಿ. ಮಗನಿಗೆ ಆರು ವರ್ಷ, ಇವತ್ತು ಮೊದಲ ಹಲ್ಲು ಬಿತ್ತು. ಊರಲ್ಲಿ ಅಜ್ಜಿಗೆ ಫೋನ್ ಮಾಡಿದ್ರೆ ಸಗಣಿಯಲ್ಲಿ ಉಂಡೆ ಮಾಡಿ ಹಂಚಿನ ಮಾಡಿನ ಮೇಲೆ ಎಸೀಬೇಕು ಅಂದ್ರು. ನಾವಿರೋದು ಎರಡನೇ ಮಹಡಿ. ಹಂಚೂ ಇಲ್ಲ, ಸಗಣಿಯೂ ಇಲ್ಲ. ಮಗ ಹಲ್ಲನ್ನು ಮುಷ್ಟಿಯಲ್ಲೇ ಹಿಡ್ಕೊಂಡು ಕೂತಿದ್ದಾನೆ, ಹೋಂವರ್ಕ್ ಮಾಡೋ ಕೈ ಅದೇ.

ಸೋಂದಾ ಸೀಮೆ

ಸಣ್ಣ ಡಬ್ಬಿಯಲ್ಲಿ ಹಾಕಿ ಇಡಿ, ರಜೆಗೆ ಊರಿಗೆ ಹೋದಾಗ ಎಸೆದ್ರೆ ಆಯ್ತು. ಹಾಲುಹಲ್ಲು ಒಟ್ಟು 20. ಇನ್ನೂ ಹತ್ತೊಂಬತ್ತು ಬೀಳಬೇಕು, ಎಲ್ಲಾ ಮುಗಿಯುವಾಗ ಹನ್ನೆರಡು ವರ್ಷ ಆಗ್ತದೆ. ಡಬ್ಬಿ ಸ್ವಲ್ಪ ದೊಡ್ಡದೇ ತಗೊಳ್ಳಿ.

ಶಿರಸಿ ಆಯಿ

ನಮ್ಮ ಮಾಡಿನ ಮೇಲೆ ದಿನಾ ಮಂಗ ಬರ್ತದೆ. ಹಲ್ಲು ಎಸೆದ್ರೆ ಮಂಗ ಹಾಕ್ಕೊಳ್ತದೆ ಅಂತ ನಮ್ಮ ಮಾಣಿಗೆ ಈಗಲೇ ಚಿಂತೆ. ಅವನದು ಇನ್ನೂ ಒಂದೂ ಅಲ್ಲಾಡ್ತಿಲ್ಲ.

ಕೈಗಾ ಕ್ವಾರ್ಟರ್ಸ್

ಡಬ್ಬಿ ಉಪಾಯ ಒಪ್ಪಿದ. ಗಣೇಶ ಚೌತಿಗೆ ಊರಿಗೆ ಹೋಗ್ತೇವೆ, ಅಲ್ಲಿಯ ತನಕ ದೇವರ ಗೂಡಿನಲ್ಲಿ ಇರ್ತದೆ. ಆದ್ರೆ ಡಬ್ಬಿಯ ಮೇಲೆ ಹೆಸರು ಬರೀಬೇಕು ಅಂತ ಒಂದೇ ಹಟ. ಯಾಕೋ ಅಂದ್ರೆ, ಊರಲ್ಲಿ ಅಜ್ಜನೂ ರಾತ್ರಿ ಹಲ್ಲು ತೆಗೆದು ಡಬ್ಬಿಯಲ್ಲಿ ಇಡ್ತಾರಂತೆ, ಬದಲಾದ್ರೆ ಕಷ್ಟ ಅಂತೆ.

ಹೊನ್ನಾವರದ ಮಾವ

ಹೆಸರು ಬರೀರಿ, ದಪ್ಪ ಅಕ್ಷರದಲ್ಲಿ ಬರೀರಿ. ಚೌತಿ ದಿನ ಅಜ್ಜನ ಹಲ್ಲು ಮಾಡು ಹತ್ತಿದ್ರೆ ಪಂಚಕಜ್ಜಾಯ ಯಾರು ತಿನ್ನೋದು?